ವಿಂಬರಿಯ ಹುಡುಗರಿಗೆ ನೀರು

ಡಿಶ್‌ವಾಷರ್‌ನಿಂದ ಲೋಟಗಳನ್ನು ತೆಗೆದು ಒರೆಸುತ್ತಿದ್ದ ಚೈತನ್ಯಾಳ ಕೈಗೆ ಮಾವನವರ ಸ್ಟೀಲ್ ಲೋಟ ಬಂತು. ಅದನ್ನು ಎಲ್ಲಿಡಬೇಕೆಂದು ತೋಚದೆ ನಿಂತಿದ್ದಾಗ ಗಂಡ ರಜತ್ ಒಳಗಿನಿಂದ ಕೂಗಿದ.

"ಚೈತೂ, ಅಪ್ಪನ ಪಂಚಪಾತ್ರೆ ನೋಡಿದ್ಯಾ? ಸೋಮನಾಥ ಅಂಕಲ್ ತರೋಕೆ ಹೇಳಿದಾರೆ. ಕರಿ ಎಳ್ಳಿನ ಡಬ್ಬಾನೂ ಖಾಲಿ."

ಚೈತನ್ಯಾ ಲೋಟವನ್ನು ಅಲ್ಲೇ ಬಿಟ್ಟು ಮಗಳ ಕೋಣೆಗೆ ಹೋದಳು. ಹತ್ತು ವರ್ಷದ ಸಂಹಿತಾ ಬಿಳಿ ಕುರ್ತಾ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಶಾಲೆಯ ಬ್ಯಾಗು. ಅರ್ಧ ತೆರೆದ ಜಿಪ್ಪಿನಲ್ಲಿ ಹಿತ್ತಾಳೆಯ ಅಂಚು, ಪ್ಲಾಸ್ಟಿಕ್ ಚೀಲದಲ್ಲಿ ಎಳ್ಳು.

"ಪುಟ್ಟಾ, ಅದು ಬೇಕಲ್ಲ."

"ಐ'ಲ್ ಕ್ಯಾರಿ ಇಟ್." ಬ್ಯಾಗನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಅಮ್ಮಾ, ಕ್ಯಾನ್ ಐ..."

"ಹೇಳು."

"ನಥಿಂಗ್."

ತಾತ ತೀರಿಕೊಂಡಾಗಿನಿಂದ ಆ ಮಾತು ಹೀಗೇ ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿತ್ತು. ಅದೇನೆಂದು ಚೈತನ್ಯಾಳಿಗೆ ಗೊತ್ತಿತ್ತು. ತಾತ ಪ್ರತಿವರ್ಷ ಎಳ್ಳು ನೀರು ಬಿಡುತ್ತಿದ್ದ ಆ ಇಂಗ್ಲಿಷ್ ಹುಡುಗರಿಗೆ ಇನ್ನು ತಾನು ಬಿಡಬಹುದೇ? ಕರ್ಮ ಮಾಡಿಸುವ ಸೋಮನಾಥರು ಏನನ್ನುತ್ತಾರೋ, ರಜತ್ ಏನನ್ನುತ್ತಾನೋ ಚೈತನ್ಯಾಳಿಗೆ ತಿಳಿಯದು. ಅದಕ್ಕೇ ಬಲವಂತ ಮಾಡಲಿಲ್ಲ. ಬಾಗಿ ಮಗಳ ಕುರ್ತಾದ ಗುಂಡಿ ಹಾಕಿದಳು.

*

ಮಾವ ಕೇಶವಮೂರ್ತಿಯವರು ತಿಪಟೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ, 2020ರ ಆರಂಭದಲ್ಲಿ, ಮೊಮ್ಮಗಳನ್ನು ನೋಡಲೆಂದು ಅಮೆರಿಕದ ರ್ಯಾಂಚೊ ಪೆನಾಸ್ಕಿಟೋಸ್‌ಗೆ ಬಂದರು. ವಿಮಾನಗಳು ನಿಂತವು. ಅವರು ಉಳಿದರು.

ಮನೆಯಲ್ಲಿ ಕೂತು ಕೂತು ಬೇಸರವಾಗಿದ್ದಾಗ ಅವರಿಗೊಂದು ಕೆಲಸ ಸಿಕ್ಕಿತು. ಇಂಗ್ಲೆಂಡಿನ ವಿಂಬರಿ ಎಂಬ ಹಳ್ಳಿಯ ಚರ್ಚಿನ ಮುಂದೆ ಒಂದು ಕಲ್ಲಿನ ಶಿಲುಬೆಯಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಆ ಊರಿನವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಅವರ ಸೈನ್ಯದ ಹಳೆಯ ದಾಖಲೆಗಳನ್ನು ಓದಿ ಟೈಪ್ ಮಾಡಿಕೊಡುವವರು ಬೇಕೆಂದು ಹಿಲರಿ ಎಂಬ ಹೆಂಗಸು ಇಂಟರ್ನೆಟ್ಟಿನಲ್ಲಿ ಕೇಳಿದ್ದರು.

"ಈ ಅಕ್ಷರ ನಂಗೆ ಓದೋಕೆ ಬರುತ್ತೆ ಕಣಮ್ಮ," ಎಂದಿದ್ದರು ಮಾವ. "ಗುಮಾಸ್ತರು ಎಲ್ಲಾ ದೇಶದಲ್ಲೂ ಹೀಗೇ ಗೀಚೋದು."

ಓದುವುದೇನೋ ಓದಿದರು. ಆದರೆ ಎ. ಜೆ. ಪೈಕ್ ಎಂದಿದ್ದುದನ್ನು ನೋಡಿ ನಮ್ಮವರ ಇನಿಷಿಯಲ್ ಲೆಕ್ಕದಲ್ಲಿ 'ಎ' ಊರು, 'ಜೆ' ಅಪ್ಪ, ಹುಡುಗನ ಹೆಸರು ಪೈಕ್ ಎಂದುಕೊಂಡರು. ಇಲ್ಲದ ಊರಿಗಾಗಿ ವಾರಗಟ್ಟಲೆ ಭೂಪಟ ಹುಡುಕಿದರು. ಅವನ ಹೆಸರು ಆಲ್ಫ್ರೆಡ್, ಪೈಕ್ ಎಂಬುದು ಮನೆತನ ಎಂದು ಹಿಲರಿ ಮೆಲ್ಲಗೆ ತಿಳಿಸಿದಾಗ ಎಲ್ಲವನ್ನೂ ತಿದ್ದಿದರು. ಮನೆಯಲ್ಲಿ ಮಾತ್ರ ಅವನು ಕೊನೆಯವರೆಗೂ 'ನಮ್ಮ ಪೈಕ್' ಆಗಿಯೇ ಉಳಿದ.

ಮಹಾಲಯ ಅಮಾವಾಸ್ಯೆಯ ದಿನ ಹಿತ್ತಲಿನ ನಿಂಬೆಗಿಡದ ಬಳಿ ತಮ್ಮ ಹಿರಿಯರಿಗೆಲ್ಲ ತರ್ಪಣ ಕೊಟ್ಟು ಮುಗಿಸಿದ ಮೇಲೂ ಅವರು ಏಳಲಿಲ್ಲ.

"ಇನ್ನೂ ಇದೆ ಪುಟ್ಟಿ. ಎಳ್ಳು ಹಾಕು. ಪೈಕ್‌ಗೆ ಮದುವೆ ಆಗಿರಲಿಲ್ಲ. ಇದ್ದೊಬ್ಬ ತಮ್ಮನೂ ಅದೇ ಕಲ್ಲಿನ ಮೇಲಿದಾನೆ. ನೀರು ಕೊಡೋರು ಯಾರು ಹೇಳು?"

"ಗೋತ್ರ ಬೇಕಲ್ವಾ ತಾತ?" ತಾತನ ಹತ್ತಿರ ಮಾತ್ರ ಸಂಹಿತಾ ಕನ್ನಡದಲ್ಲಿ ಮಾತಾಡುತ್ತಿದ್ದಳು.

"ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಗೋತ್ರ."

"ಪೈಕ್ ಕಾಶ್ಯಪನಾ?"

"ಹೂಂ. ಸಂಬಂಧ ಬೆಳೆಸಬಹುದಿತ್ತು, ನಮ್ಮದು ಭಾರದ್ವಾಜ." ಬಲಗೈಯ ಗುಳಿಯಲ್ಲಿದ್ದ ನೀರನ್ನು ಹೆಬ್ಬೆರಳು, ತೋರುಬೆರಳಿನ ಸಂದಿಯಿಂದ ಇಳಿಬಿಟ್ಟರು. "ಹೀಗೆ, ಪಕ್ಕಕ್ಕೆ ವಾಲಿಸಿ. ದೇವರಿಗಾದರೆ ಬೆರಳ ತುದಿಯಿಂದ. ಹೋದವರಿಗೆ ಈ ದಾರಿ."

*

ಫ್ಯೂನರಲ್ ಹೋಮ್‌ನ ಪಾರ್ಕಿಂಗ್‌ನಲ್ಲಿ ವಾಲ್‌ನಟ್ ಎಂಬ ಊರಿನಿಂದ ಬಂದಿದ್ದ ಪಂಕಜಾ ಆಂಟಿ ಮೊಸರನ್ನದ ಡಬ್ಬಿಗಳನ್ನು ಚೈತನ್ಯಾಳ ಕಾರಿಗೆ ಸಾಗಿಸಿದರು.

"ನಿಮ್ಮ ಮಾವ ಪಾಟ್‌ಲಕ್ ಊಟಕ್ಕೆ ಬಂದರೆ ಒಬ್ಬಟ್ಟು ತಿಂತಾ ಪೈಕ್‌ಗೆ ಗುಂಡು ಬಿದ್ದ ಕತೆ ಹೇಳೋರು. ನಾವೆಲ್ಲ ತಿನ್ನೋದು ಬಿಟ್ಟು ಕೂತಿರ್ತಿದ್ವಿ. ಅವರು ಇನ್ನೊಂದು ಹಾಕಿಸ್ಕೊಳ್ಳೋರು."

"ಪೈಕ್ ಯಾರೋ ನೆಂಟರ ಹುಡುಗ ಅಂದ್ಕೊಂಡು ನಾನು ರಜತ್‌ಗೆ ಸಮಾಧಾನ ಬೇರೆ ಹೇಳಿದ್ದೆ," ಎಂದರು ಸೋಮನಾಥ. ಅವರು ಟೆಲಿಕಾಂ ಕಂಪನಿಯಿಂದ ನಿವೃತ್ತರಾದವರು. ಊರಿನ ಕನ್ನಡದವರ ಮನೆಗಳಲ್ಲಿ ಅಪರಕರ್ಮಕ್ಕೆ ಅವರೇ ಪುರೋಹಿತರು. "ಎಲ್ಲಿ, ಪಾತ್ರೆ ಕೊಡಮ್ಮ ಪುಟ್ಟಿ."

ಸಂಹಿತಾ ಕೊಡಲಿಲ್ಲ.

"ಹೆಣ್ಣುಮಕ್ಕಳು ಇದನ್ನೆಲ್ಲ ಇಟ್ಕೋಬಾರದು ಬಂಗಾರ," ಎಂದು ಪಂಕಜಾ ತಲೆ ನೇವರಿಸಿದರು. ಅವಳು ಅಮ್ಮನ ಮುಖ ನೋಡಿದಳು, ಆಮೇಲೆ ಬ್ಯಾಗಿನಿಂದ ತೆಗೆದುಕೊಟ್ಟಳು.

ಒಳಗೆ ರಜತ್ ಅಪ್ಪನಿಗೆ ಎಳ್ಳು ನೀರು ಬಿಟ್ಟ. ಅರ್ಧ ನೀರು ಬೂಟಿನ ಮೇಲೆ ಬಿತ್ತು. ಆಮೇಲೆ ದಹನದ ಕುಲುಮೆ ಹೊತ್ತಿಸಲು ಗೋಡೆಯ ಮೇಲಿದ್ದ ಹಸಿರು ಗುಂಡಿಯನ್ನು ಒತ್ತಿದ.

ಹೊರಗೆ ಬಿಸಿಲಿತ್ತು. ರಜತ್‌ನ ಫೋನ್ ಸದ್ದು ಮಾಡಿತು. ಎಳ್ಳು ನೀರಿನ ವಿಷಯ ಮಾವನಿಂದಲೇ ತಿಳಿದಿದ್ದ ಹಿಲರಿ ಫೋಟೋ ಕಳಿಸಿದ್ದರು. ವಿಂಬರಿಯ ಶಿಲುಬೆ, ಅದರ ಬುಡದಲ್ಲಿ ಜಾಮ್ ಬಾಟಲಿಯ ತುಂಬ ನೀರು, ನೀರಿನ ಮೇಲೆ ಎಳ್ಳು. ಕೆಳಗಿದ್ದ ಸಾಲನ್ನು ರಜತ್ ಎಲ್ಲರಿಗೂ ಕನ್ನಡದಲ್ಲಿ ಹೇಳಿದ: "ನಮ್ಮೂರ ಅಂಗಡೀಲಿ ಬಿಳಿ ಎಳ್ಳು ಮಾತ್ರ ಸಿಕ್ತು. ಮಿಸ್ಟರ್ ಮೂರ್ತಿ ಕ್ಷಮಿಸ್ತಾರೆ ಅಂದ್ಕೋತೀನಿ."

ಪಂಕಜಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಪ್ಪನಿಗೆ ನಾನು ಮಾಡ್ತೀನಿ ಅಂಕಲ್," ಎಂದ ರಜತ್. "ಆದರೆ ಆ ಹುಡುಗರ ಹೆಸರೊಂದೂ ನಂಗೆ ಬರಲ್ಲ. ಅದು ಅಪ್ಪನ ಜೊತೆಗೇ ಹೋಯ್ತು."

ಕಾರಿನ ಬಾಗಿಲಿಗೆ ಒರಗಿದ್ದ ಸಂಹಿತಾ ನೆಟ್ಟಗೆ ನಿಂತಳು. ಚೈತನ್ಯಾ ಕೈಯಲ್ಲಿದ್ದ ಡಬ್ಬಿಯನ್ನು ಸೀಟಿನ ಮೇಲಿಟ್ಟಳು. ಹುಡುಗಿ ಸೋಮನಾಥರ ಬಳಿ ಹೋಗಿ, ಅವರ ಕೈಯಲ್ಲಿದ್ದ ಪಂಚಪಾತ್ರೆಯಲ್ಲಿ ಉಳಿದಿದ್ದ ನೀರನ್ನು ನೋಡಿದಳು. ಅವಳ ಬಲಗೈ ಆಗಲೇ ಗುಳಿಯಾಗಿ, ಹೆಬ್ಬೆರಳಿನ ಕಡೆಗೆ ವಾಲಿತ್ತು.

"ನಂಗೆ ಎಲ್ಲರ ಹೆಸರೂ ಬರುತ್ತೆ," ಎಂದಳು, ಕನ್ನಡದಲ್ಲಿ. "ಅವರಿಗೆ ನಾನು ನೀರು ಬಿಡಬಹುದಾ?"