ಹಣೆಯಲ್ಲಿ ಮಸಿ ಇಲ್ಲದವನು

ಇಂಜಿನ್ ನಿಂತಿಲ್ಲ, ಸಣ್ಣಗೆ ಗುರುಗುಡುತ್ತಲೇ ಇದೆ, ತೋಟದ ಒಡೆಯ ಕಫೀಲ್ ಕಾರಿನೊಳಗೆ ಎಸಿ ಹಾಕಿಕೊಂಡು ಕಾಯುತ್ತಿದ್ದಾನೆ, ಮುನವ್ವರ್ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾನೆ, ಇವತ್ತೇ ಅವನನ್ನು ಊರಿಗೆ ಕಳಿಸುತ್ತಾರೆ, ನಾನು ಹೇಳಿದ್ದರಿಂದ — ಎದ್ದು ಹೋಗಿ ನಾನು ಹೇಳಿದ್ದು ಸುಳ್ಳು ಎನ್ನಬಹುದು, ಇಪ್ಪತ್ತು ಹೆಜ್ಜೆ, ಕಾರು ಹೊರಡುವವರೆಗೆ ಹೊತ್ತಿದೆ, ಮೊಣಕಾಲು ಏಳುವುದಿಲ್ಲ, ತಪ್ಪನ್ನು ಮೊಣಕಾಲಿನ ಮೇಲೆ ಹಾಕಬೇಡ ಮೂಸಬ್ಬ, ನನಗೆ ನಾನೇ ಹೇಳಿಕೊಳ್ಳುತ್ತೇನೆ. ಎದುರಿಗೆ ದೊಡ್ಡ ತಟ್ಟೆ, ಒಂದೇ ತಟ್ಟೆಯ ಸುತ್ತ ಕೂತು ಅವರವರ ಎದುರಿನದ್ದನ್ನು ಮಾತ್ರ ತಿನ್ನುವುದು, ಪಕ್ಕದವನ ಪಾಲಿಗೆ ಬೆರಳು ಹಾಕಬಾರದು, ಸೌದಿಯ ಉನೈಜಾದ ಈ ಖರ್ಜೂರದ ತೋಟಕ್ಕೆ ಬಂದು ಮೂವತ್ತೊಂದು ವರ್ಷ, ಕ್ರಮ ತಪ್ಪಿಲ್ಲ. ಕಥೆಯೂ ತಪ್ಪಿಲ್ಲ, ಊಟವಾದ ಮೇಲೆ ಒಂದು ಕಥೆ, ನಾನೇ ಕಟ್ಟಿದ್ದು, ಶಾಲೆಗೆ ಎರಡು ವರ್ಷ ಹೋದವನು ಎಲ್ಲಿಂದ ಓದಿ ಹೇಳಲಿ — ಒಂದೂರಿನಲ್ಲಿ ಎಲ್ಲರ ಹಣೆಯಲ್ಲೂ ಮಸಿ, ಎಲ್ಲರಿಗೂ ಇದ್ದುದರಿಂದ ಯಾರಿಗೂ ಕಾಣುತ್ತಿರಲಿಲ್ಲ, ಹೊರಗಿನಿಂದ ಒಬ್ಬ ಬಂದ, ಕತ್ತು ಸ್ವಲ್ಪ ಎಡಕ್ಕೆ ವಾಲಿಸಿಕೊಂಡು, ಅವನ ಹಣೆ ಬರೀ ಹಣೆ, ಅವತ್ತಿನಿಂದ ಊರಿನವರಿಗೆ ಒಬ್ಬರ ಮಸಿ ಒಬ್ಬರಿಗೆ ಕಂಡಿತು, ನಿದ್ದೆ ಹೋಯಿತು, ಕಡೆಗೆ ಎಲ್ಲರೂ ತಮ್ಮ ಮಸಿಯನ್ನು ಅವನಿಗೆ ಒರೆಸಿ ಊರ ಹೊರಗೆ ಬಿಟ್ಟು ಬಂದರು, ಚೆನ್ನಾಗಿ ಮಲಗಿದರು. ಅಷ್ಟೇ ಕಥೆ. ಎಲ್ಲರೂ ನಗುತ್ತಿದ್ದರು. ಈ ಕಥೆ ಮೊದಲು ಹೇಳಿದಾಗ ಇನ್ನೂ ಮುನವ್ವರ್ ಬಂದಿರಲಿಲ್ಲ, ಅವನು ಬಂದದ್ದು ಎರಡು ವರ್ಷ ಕಳೆದು, ಭಟ್ಕಳದವನು, ನಮ್ಮ ಬ್ಯಾರಿ ಮಾತು ಅವನಿಗೆ ಬಾರದು, ಅವನು ಬಂದ ಮೇಲೆ ಕಥೆಯನ್ನು ಕನ್ನಡದಲ್ಲೇ ಹೇಳುತ್ತಿದ್ದೆ, ಬಂದ ದಿನ ಅವನು ಚೀಲ ಇಳಿಸುವ ಮೊದಲೇ ಶೆಡ್ಡಿನ ಮೇಸ್ತ್ರಿ ಸಾದುಲ್ಲಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದ, ಮೂಸಾಕ, ನಿಮ್ಮ ಕಥೆಯವ ಬಂದ ನೋಡಿ ಮಾರಾಯ್ರೆ. ತಮಾಷೆಗೆ ಹೇಳಿದ್ದು, ಆದರೆ ಅವನು ನಾನು ಕಥೆಯಲ್ಲಿ ಹೇಳಿದ ಹಾಗೆಯೇ ಇದ್ದ, ಕತ್ತು ಸ್ವಲ್ಪ ಎಡಕ್ಕೆ, ಕೇಳಿಸಿಕೊಳ್ಳುವವನ ಹಾಗೆ. ಖರ್ಜೂರ ತುಂಬುವ ಶೆಡ್ಡಿನಲ್ಲಿ ಸಾದುಲ್ಲಾ ಕಲಿಸಿದ್ದ ಕೆಲಸ ನಮಗೆಲ್ಲ ಅಭ್ಯಾಸವಾಗಿತ್ತು, ಪೆಟ್ಟಿಗೆಯ ತಳದಲ್ಲಿ ಕಳೆದ ವರ್ಷದ ಖರ್ಜೂರ, ಮೇಲೆ ಹೊಸದು, ಮುನವ್ವರ್ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ತನ್ನ ಪೆಟ್ಟಿಗೆಗೆ ಹಳೆಯದನ್ನು ಹಾಕಲಿಲ್ಲ, ಅಷ್ಟೇ, ಹೆಕ್ಕಿ ಬದಿಗಿಟ್ಟ, ಅದರಲ್ಲಿ ಎಂತ ಇದೆ, ಆದರೆ ಮರುದಿನದಿಂದ ನಮ್ಮ ಕೈಗಳು ನಿಧಾನವಾದವು, ಒಬ್ಬ ಕನಸಿನಲ್ಲಿ ಎದ್ದು ಕೂತು ಅಳತೊಡಗಿದ, ಇನ್ನೊಬ್ಬ ಕೇಳದೆಯೇ ತನ್ನ ಹಳೆಯ ಕಳ್ಳತನ ಒಪ್ಪಿಕೊಂಡ, ಸಾದುಲ್ಲಾ ಕನ್ನಡಿ ನೋಡಿ ಹಣೆ ಉಜ್ಜಿಕೊಳ್ಳುವುದನ್ನು ನಾನೇ ಕಂಡೆ, ಏನೂ ಇರಲಿಲ್ಲ ಹಣೆಯಲ್ಲಿ, ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಮೊನ್ನೆ ಅಲ್ ಖೋಬರಿನ ವ್ಯಾಪಾರಿ ಪೆಟ್ಟಿಗೆಗಳನ್ನು ಹಿಂದಕ್ಕೆ ಕಳಿಸಿದ, ತಳ ಹುಳಿ ಬಂದಿದೆ ಎಂದು. ಇದನ್ನು ಮಾಡಿದ್ದು ಯಾರೆಂದು ಕೇಳಲು ಕಫೀಲ್ ಬರುತ್ತಾನೆ ಎಂದಾಗ ಯಾರೂ ಮಾತಾಡಿಕೊಳ್ಳಲಿಲ್ಲ, ಬೇಕಿರಲಿಲ್ಲ, ಎಲ್ಲರಿಗೂ ಕಥೆ ಬಾಯಿಪಾಠ. ಇವತ್ತು ಬೆಳಿಗ್ಗೆ ಸಾಲಾಗಿ ನಿಂತೆವು, ಕಫೀಲ್ ನನ್ನನ್ನೇ ಕೇಳಿದ, ಅವನ ತಂದೆಯ ಕಾಲದಿಂದ ಇರುವವನು ನಾನು, ಮೂಸಾ, ನೀನು ಹೇಳು, ನೀನು ಹೇಳಿದರೆ ಸಾಕು. ಒಬ್ಬ ಹೋದರೆ ಉಳಿದವರು ಉಳಿಯುತ್ತಾರೆ ಎಂದುಕೊಂಡೆ, ಕಥೆಯಲ್ಲಿ ಅಂಥವನು ಬರುವುದೇ ಅದಕ್ಕಲ್ಲವೇ ಎಂದುಕೊಂಡೆ, ಬೆರಳು ತಾನಾಗಿ ಮುನವ್ವರ್ ಕಡೆಗೆ ಎದ್ದಿತು, ಇವನೇ ಎಂದೆ, ಅವನು ಕತ್ತು ಎಡಕ್ಕೆ ವಾಲಿಸಿ ನೋಡಿದ, ಅಲ್ಲ ಎನ್ನಲಿಲ್ಲ, ಅಲ್ಲ ಎಂದಿದ್ದರೆ ನಾನು — ಈಗ ಬಾಗಿಲಲ್ಲಿ ನಿಂತಿದ್ದಾನೆ, ಕೈಯಲ್ಲಿ ಚೀಲ, ಸಲಾಂ ಹೇಳಿದ, ನನ್ನ ಕಡೆ ತಿರುಗಿ ಕೇಳಿದ. ಮೂಸಾಕ, ಕಥೆಯಲ್ಲಿ ಆ ಹೊರಗಿನವನು ಹೋದ ಮೇಲೆ ಆ ಊರಿನವರು ಏನು ಮಾಡಿದರು, ಅದನ್ನು ನೀವು ಹೇಳಲೇ ಇಲ್ಲ. ಸಿಟ್ಟಿಲ್ಲ, ಮಗು ಕೇಳುವ ಹಾಗೆ, ನನ್ನ ಬಾಯಿ ತೆರೆಯಿತು, ಅಲ್ಲಿ ಕಥೆಯೇ ಇಲ್ಲ, ಅಲ್ಲಿಂದಾಚೆ ನಾನು ಏನೂ ಕಟ್ಟಿಲ್ಲ, ಚಪ್ಪಲಿ ಸದ್ದು, ಕಾರಿನ ಬಾಗಿಲು, ಏಳು ಮೂಸಬ್ಬ, ಈಗ ಏಳು, ಇಂಜಿನ್ ದೂರವಾಗುತ್ತಿದೆ, ದೂರ, ಈಗ ಫ್ಯಾನಿನ ಸದ್ದು ಮಾತ್ರ. ಕೈಗಳು ತಟ್ಟೆಗೆ ಬಂದವು, ತಿಂದರು, ತಿಂದೆ, ಬಾಗಿಲ ಕಡೆಯ ಮುನವ್ವರ್ ಪಾಲು ಹಾಗೆಯೇ ನಿಂತಿದೆ, ಅನ್ನದ ಗುಡ್ಡೆ, ಒಂದು ಬೆರಳಿನ ಗುರುತಿಲ್ಲ, ಸಾದುಲ್ಲಾ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದ, ಗುಡ್ಡೆ ಪಕ್ಕದವನ ಎದುರು ಬಂತು, ಅವನು ಬೆರಳು ಹಿಂದಕ್ಕೆ ಎಳೆದುಕೊಂಡು ಇನ್ನಷ್ಟು ತಿರುಗಿಸಿದ, ಅವನಿಂದ ಆಚೆಯವನು, ಆಚೆಯವನಿಂದ ಇನ್ನೊಬ್ಬ, ತಟ್ಟೆ ನೆಲಕ್ಕೆ ಉಜ್ಜುತ್ತ ಸುತ್ತುತ್ತಿದೆ, ನನ್ನ ಕಡೆಗೆ ಬಂತು, ನಿಂತಿತು, ಎಲ್ಲರ ಕೈ ಮಡಿಲಲ್ಲಿ, ನನ್ನದೂ, ಎದುರಿಗೆ ಬಿಳಿಯ ಗುಡ್ಡೆ, ಒಂದು ಬೆರಳಿನ ಗುರುತಿಲ್ಲ, ಬಿಳಿಯ ಗುಡ್ಡೆ, ಒಂದು ಬೆರಳಿನ —