ಹತ್ತರಲ್ಲಿ ಒಂಬತ್ತರ ಮನೆ

“ಆ ಕೊಳಕು ತೊಟ್ಟಿಲು ಬಿಚ್ಚು ಮುದುಕಿ. ಇನ್ಸ್‌ಪೆಕ್ಷನ್ನಿನ ಸಾರಿಗೆ ಕೂರ್ಲಿಕ್ಕೆ ಚೇರು ಹಾಕ್ಲಿಕ್ಕುಂಟು.”

ಹೀಗೆಂದವನು ನಮ್ಮ ಕಾಲನಿಯಲ್ಲಿ ಸರ್ಕಾರದ ಮನೆ ಕಟ್ಟಿದ ಕಂಟ್ರಾಕ್ಟರ್ ಹರಿನಾಥ. ಹಲಸಿನ ಕೊಂಬೆಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ನನ್ನ ಮೊಮ್ಮಗಳು ಮಲಗಿದ್ದಳು. ಮನೆಯೊಳಗೆ ಕಟ್ಟುವಂತಿಲ್ಲ. ತಲೆ ಮೇಲಿನ ಮಾಡಿನ ಸಿಮೆಂಟು ಎಷ್ಟು ಉದುರುತ್ತದೆಂದರೆ ನಮ್ಮ ಗಂಜಿಗೆ ಉಪ್ಪೇ ಬೇಡ. ಮೊನ್ನೆ ತೊಟ್ಟಿಲ ಕೊಕ್ಕೆ ಬುಡಸಮೇತ ಕಳಚಿ ಬಿತ್ತು. ಮಗು ಸೊಸೆಯ ಮಡಿಲಲ್ಲಿದ್ದ ಕಾರಣ ಬದುಕಿತು.

ತೊಟ್ಟಿಲು ಬಿಚ್ಚಿದೆ. ಇನ್ಸ್‌ಪೆಕ್ಷನ್ನಿಗೆ ಬಂದ ಕೇಶವಪ್ರಸಾದ ಸಾರು, ಮಧೂರು ಗಣಪತಿಯ ಹಾಗೆ ಉದ್ದ ಬೆಳೆಯುವುದು ಬಿಟ್ಟು ಅಡ್ಡ ಬೆಳೆದವರು, ಆ ಜಾಗದಲ್ಲಿ ಕೂತರು. ನಮ್ಮ ನೀರು ಬೇಡ, ಎಳನೀರಿನ ಬೊಂಡ ಆಗಬಹುದು ಎಂದರು. ಬೊಂಡಕ್ಕೆ ನಮ್ಮ ಜಾತಿ ಹತ್ತುವುದಿಲ್ಲವಲ್ಲ. ಕುಡಿಯುತ್ತಾ, ಹರಿನಾಥ ನಿನ್ನೆ ಬಳಿಸಿದ ಗುಲಾಬಿ ಬಣ್ಣ ನೋಡಿ, ಮನೆಗಳಿಗೆ ಹತ್ತರಲ್ಲಿ ಒಂಬತ್ತು ಮಾರ್ಕು ಕೊಟ್ಟರು. ಒಂಬತ್ತು ಸಿಕ್ಕಿದರೆ ರಿಪೇರಿ ಇಲ್ಲ ಎಂದು ಮಗ ಬಟ್ಯ ನನ್ನ ಕಿವಿಯಲ್ಲಿ ಹೇಳಿದ.

ಒಳಗೆ ಬಂದು ಒಮ್ಮೆ ನೋಡಿ ಎಂದು ಬೇಡಿಕೊಂಡೆ.

“ನಿಮ್ಮ ಗೂಡಿನೊಳಗೆ ಎಂತ ನೋಡ್ಲಿಕ್ಕುಂಟು?” ಎಂದರು ಸಾರು. “ಬಿಟ್ಟಿ ಸಿಕ್ಕಿದ ಮನೆ, ಅದಕ್ಕೆ ಬಾಯಿ ಬೇರೆ.”

ನನಗೆ ನಗು ಬಂತು. ನಮ್ಮ ಅಜ್ಜಂದಿರು ಇವರ ಅಜ್ಜಂದಿರ ಅಡಿಕೆ ಮೂಟೆ ಹೊತ್ತವರು. ಹೆಗಲು ಅದನ್ನು ಮರೆತಿಲ್ಲ.

“ಬಟ್ಯಾ, ಕುಂಞಾ, ಸಾರಿಗೆ ನಡೀಲಿಕ್ಕೆ ಕಷ್ಟ ಅಂತ ಕಾಣ್ತದೆ. ಚೇರಿನೊಟ್ಟಿಗೇ ಹಿಡೀರಿ ಮಕ್ಕಳೇ.”

ಮಗನೂ ಆಚೆಮನೆಯ ಕುಂಞನೂ ಹಿಡಿದು ಎತ್ತಿದರು. ಹರಿನಾಥ ಬೇವರ್ಸಿಗಳೆಂದು ಬೈಯುತ್ತಾ ಅಡ್ಡ ಬಂದ. ಕಾಲನಿಯ ಹೆಂಗಸರು ಅವನಿಗಿಂತ ಅಡ್ಡ ನಿಂತರು. ಸಾರು ಗಾಳಿಯಲ್ಲಿ ಕಾಲು ಬಡಿಯುತ್ತಾ, ಕೈಯ ಬೊಂಡ ಮಾತ್ರ ಬಿಡದೆ, ನನ್ನ ಮನೆಯ ನಡುವೆ ಇಳಿದರು. ಕೊಕ್ಕೆ ಕಿತ್ತ ತೂತಿನ ಸರೀ ಅಡಿಗೆ.

ನಾನು ಬೆಲ್ಲ, ನೀರು ತಂದು ಮುಂದಿಟ್ಟು, ಬಾಗಿಲಲ್ಲಿ ಕಾಲು ಚಾಚಿ ಕೂತೆ.

“ಹೆದರ್ಬೇಡಿ ಸಾರೇ. ಒಂಬತ್ತು ಮಾರ್ಕಿನ ಮನೆ. ಸ್ವಲ್ಪ ಕೂತ್ಕೊಳ್ಳಿ.”

ಹೊರಗೆ ಸೊಸೆ ಹಲಸಿಗೆ ಪುನಃ ತೊಟ್ಟಿಲು ಕಟ್ಟುತ್ತಿದ್ದಳು. ಒಳಗೆ ಸಿಮೆಂಟಿನ ಒಂದು ಚಕ್ಕೆ ಟುಪುಕ್ಕೆಂದು ಬೊಂಡದೊಳಗೆ ಬಿತ್ತು. ಸಾರು ಮೆಲ್ಲನೆ ಮೇಲೆ ನೋಡಿದರು. ಅಲ್ಲಿ ಬಿರುಕು ಇನ್ನೂ ಉದ್ದವಾಗುತ್ತಿತ್ತು.