ಕೀಳಲಾರದ ಸಸಿಗಳು

ಅತ್ತೆ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಒದ್ದೆ ಬೆರಳು ತಾಗಿಸಿ ನೋಡಿದರು. ಚುಂಯ್ ಎಂದಿತು. ಬಿಳಿ ಅಂಗಿಯ ಕಾಲರಿನಿಂದ ಶುರು ಮಾಡಿದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೀದಿಗೆ ತೆರೆದ ದೊಡ್ಡ ಕಿಟಕಿ, ಅದಕ್ಕೆ ತಾಗಿಸಿದ ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ. ಬಟ್ಟೆ ಕೊಡಲು ಬಂದವರು ಕಿಟಕಿಯಾಚೆ ನಿಂತೇ ಬೀದಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದರು. ಅದರಲ್ಲಿ ಮೂಲೆಮನೆಯಾಕೆಯದು ಎತ್ತಿದ ಕೈ. ಬೀದಿಯ ಮಕ್ಕಳು ಆಕೆಗೆ ರೇಡಿಯೊ ಆಂಟಿ ಎಂದೇ ಹೆಸರಿಟ್ಟಿದ್ದರು. ಅಂದು ಕಿಟಕಿಗೆ ಬಂದವಳು ಆಕೆಯೇ.

"ಸೊಸೆ ಆಸ್ಪತ್ರೆಯಿಂದ ಬಂದ್ಲಂತಲ್ಲ? ಪಾಪ, ಏಳು ತಿಂಗಳು ತುಂಬಿದ್ಮೇಲೆ ಹೀಗಾಗ್ಬಾರದಿತ್ತು. ಏನಾಯ್ತಂತೆ?"

"ಏನಾಗೋದು? ಆ ಹೊಟ್ಟೆ ಹೊತ್ಕೊಂಡು ಹಿತ್ತಲಲ್ಲಿ ಬಗ್ಗಿ ಮಣ್ಣು ಕೆದಕ್ತಾ ಕೂತಿದ್ಲು. ಬೀಟ್ರೂಟ್ ಹಾಕ್ಲೇಬೇಕು ಅಂತ ಹಟ. ಬೇಡ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

"ಅಯ್ಯೋ, ಬಸುರಿ ಹೆಂಗಸು ಬಗ್ಗಿ ಮಣ್ಣು ಅಗೆಯೋದಾ! ಮತ್ತೆ ಮಗು ಉಳಿಯತ್ತಾ?"

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ಕಡೆ ತಿರುಗಿ ಮಲಗಿದ್ದ ಸೊಸೆಗೆ ಒಂದೊಂದು ಮಾತೂ ಕೇಳಿಸಿತು. ಆ ಮಾತನ್ನು ಅವಳೂ ನಂಬಿಬಿಟ್ಟಿದ್ದಳು.

ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೊಸೆಗೆ ಎದೆಹಾಲು ಇಳಿಯಲು ಶುರುವಾಗಿ ರವಿಕೆಯೆಲ್ಲ ಒದ್ದೆಯಾದಾಗ, ಯಾರೂ ಹೇಳದೆ ಕೇಳದೆ ಹಳೆಯ ಮೆತ್ತನೆಯ ಬಟ್ಟೆಗಳನ್ನು ಚೌಕಕ್ಕೆ ಹರಿದು, ಇಸ್ತ್ರಿ ಮಾಡಿ, ಬೆಚ್ಚಗಿರುವಾಗಲೇ ತಂದು ಹಾಸಿಗೆಯ ಪಕ್ಕ ಇಡುತ್ತಿದ್ದವರು ಅವರೇ. ಆದರೆ ಅವರದೇ ಬಾಯಿಯಿಂದ ಕಿಟಕಿಯಲ್ಲಿ ಈ ಮಾತೂ ಬರುತ್ತಿತ್ತು. ಮನುಷ್ಯರು ಹೀಗೂ ಇರುತ್ತಾರೆ, ಏನು ಮಾಡುವುದು?

ಬೀಟ್ರೂಟ್ ಹಾಕುವ ಯೋಚನೆ ಮೊದಲು ಹೊಳೆದದ್ದು ಗಂಡನಿಗೆ. ಅವನು ಲಿಫ್ಟ್ ರಿಪೇರಿ ಮಾಡುವವನು, ಬಾಯಿ ತೆರೆದರೆ ತಮಾಷೆ. ಹೆಂಡತಿಯ ಹೊಟ್ಟೆಗೆ ಗುಂಡಮ್ಮ ಎಂದು ಹೆಸರಿಟ್ಟಿದ್ದ. "ಗೆಡ್ಡೆ ಬರೋಕೆ ಎರಡು ತಿಂಗಳು, ಗುಂಡಮ್ಮ ಬರೋಕೂ ಎರಡು ತಿಂಗಳು. ಯಾರು ಮೊದಲು ಗುಂಡಗಾಗ್ತಾರೋ ನೋಡೇಬಿಡೋಣ" ಎಂದು ಬೀಜದ ಪೊಟ್ಟಣ ತಂದಿದ್ದ. ಅವಳು ಬೀಜವನ್ನು ಲೋಟದಲ್ಲಿ ನೆನೆಸಿಟ್ಟಳು. ಅವನು ಮಣ್ಣು ಸಡಿಲ ಮಾಡಿಕೊಟ್ಟ. ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಗುಳಿ ಮಾಡಿ ಒಂದೊಂದೇ ಬೀಜ ಊರಿದವಳು ಅವಳು. ಊರಿ ಹತ್ತು ಹನ್ನೆರಡು ದಿನವಾಗಿರಬೇಕು, ಹೊಟ್ಟೆಯೊಳಗಿನ ಒದೆತ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. "ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ." ಹೊರಗೆ ಬಂದ ಮೇಲೆ ಅತ್ತೆ ಮಗನಿಗೆ, "ಡಾಕ್ಟರು ಸಮಾಧಾನಕ್ಕೆ ಹಾಗೇ ಹೇಳೋದು" ಎಂದಿದ್ದರು. ಮಗುವನ್ನು ತಾಯಿಗೆ ತೋರಿಸುವುದು ಬೇಡವೆಂದವರೂ ಅವರೇ. "ನೋಡಿದ್ರೆ ಜನ್ಮದಲ್ಲಿ ಮರೆಯಲ್ಲ ಅವಳು. ತಗೊಂಡ್ಹೋಗಿ" ಎಂದು ನರ್ಸಿಗೆ ಹೇಳಿದ್ದರು. ಅಂದಿನಿಂದ ಮನೆಯಲ್ಲಿ ಗುಂಡಮ್ಮನ ಹೆಸರು ಎತ್ತಿದವರಿಲ್ಲ. ತೊಟ್ಟಿಲು ಅಟ್ಟ ಸೇರಿತು. ಗಂಡನ ತಮಾಷೆಗಳೆಲ್ಲ ಎಲ್ಲಿ ಹೋದವೋ! ರಾತ್ರಿ ಅವಳು ಬಿಕ್ಕಿದರೆ "ಆಗಿದ್ದು ಆಗೋಯ್ತು, ಬಿಡು" ಎಂದು ಮಗ್ಗುಲು ಬದಲಿಸುತ್ತಿದ್ದ.

ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ಮಗು ಹೇಗಿತ್ತು ಎಂದು ಯಾರಾದರೂ ಹೇಳಬೇಕಿತ್ತು. ಗಂಡ ತಲೆ ಎತ್ತಿ ನೋಡಿರಲೇ ಇಲ್ಲ. ನೋಡಿದ್ದವರು ಅತ್ತೆ ಒಬ್ಬರೇ. ಅವರನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮಗುವನ್ನು ಕಳೆದವಳು ನೀನೇ ಅಂದುಬಿಟ್ಟರೆ?

ಎದ್ದು ಓಡಾಡುವಂತಾದ ಮೇಲೆ ಅವಳು ಮೊದಲು ಹೋದದ್ದು ಹಿತ್ತಲಿಗೆ. ಸಸಿಗಳು ಬೆರಳುದ್ದ ಬೆಳೆದಿದ್ದವು. ಕೆಂಪು ದಂಟು, ಪುಟ್ಟ ಹಸಿರೆಲೆ. ಊರಿದ್ದು ಒಂದೊಂದೇ ಬೀಜ, ಎದ್ದಿದ್ದು ಮಾತ್ರ ಎರಡು, ಮೂರು, ಕೆಲವು ಕಡೆ ನಾಲ್ಕು. ಅವಳಿಗೆ ಅರ್ಥವಾಗಲಿಲ್ಲ. ಬಟ್ಟೆ ಒಣಹಾಕಲು ಬಂದ ಅತ್ತೆ ಹಿಂದಿನಿಂದ ಹೇಳಿದರು.

"ಬೀಟ್ರೂಟ್ ಬೀಜ ಅಂದ್ರೆ ಒಂದು ಬೀಜ ಅಲ್ಲ ಕಣೇ. ಎರಡು ಮೂರು ಅಂಟ್ಕೊಂಡಿರೋ ಗಂಟು ಅದು. ಒಂದನ್ನ ಉಳಿಸಿ ಮಿಕ್ಕಿದ್ದನ್ನ ಕಿತ್ತು ಹಾಕ್ಬೇಕು. ಇಲ್ದಿದ್ರೆ ಬರೀ ಸೊಪ್ಪು."

ಅವಳು ಒಂದು ಗುಂಪಿನ ಮೇಲೆ ಕೈ ಇಟ್ಟಳು, ತೆಗೆದಳು. ಇನ್ನೊಂದರ ಮೇಲೆ ಇಟ್ಟಳು, ತೆಗೆದಳು. ಆಮೇಲೆ ಸುಮ್ಮನೆ ಒಳಗೆ ಹೋದಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಪಾತಿಯ ಮುಂದೆ ಕೂತು ಅಳುವುದು, ಎದ್ದು ಬರುವುದು.

ಭಾನುವಾರ ಗಂಡ ಗುದ್ದಲಿ ಹಿಡಿದು ಹಿತ್ತಲ ಬಾಗಿಲಿಗೆ ಬಂದ. "ಇದನ್ನ ನೋಡ್ದಾಗೆಲ್ಲ ಅಳ್ತೀಯ. ಅಗೆದು ಮಟ್ಟ ಮಾಡ್ಬಿಡ್ತೀನಿ, ಪೀಡೆ ಕಳೆಯತ್ತೆ."

"ರೀ, ಮುಟ್ಟಬೇಡಿ."

"ಅಗೆಯೋದ್ಯಾಕೋ, ಒಳ್ಳೇ ಸಸಿಗಳು" ಎಂದು ಅತ್ತೆ ಇಬ್ಬರ ನಡುವೆ ಬಂದು ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಇವಳಿಗೆ ಕೀಳೋಕೆ ಕೈ ಬರ್ತಿಲ್ಲ ಅಷ್ಟೇ. ನಾನೇ ಕೀಳ್ತೀನಿ." ಎರಡು ಸಸಿ ಕಿತ್ತು ಪಕ್ಕಕ್ಕೆ ಎಸೆದರು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸೊಸೆ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಅತ್ತೆ."

"ಕೀಳದಿದ್ರೆ ಒಂದೂ ಗೆಡ್ಡೆ ಕಟ್ಟಲ್ಲ ಕಣೇ."

"ಕಟ್ಟದಿದ್ರೆ ಬೇಡ. ಯಾವುದು ಇರ್ಬೇಕು, ಯಾವುದು ಹೋಗ್ಬೇಕು ಅಂತ ನಾನ್ಯಾಕೆ ಹೇಳ್ಲಿ? ಬಗ್ಗಿ ಬಗ್ಗಿ ಒಂದನ್ನ ಕೊಂದಿದ್ದು ಸಾಲ್ದಾ ನಾನು?"

ಅತ್ತೆಯ ಕೈ ಅಲ್ಲೇ ನಿಂತಿತು. ತಾವು ದಿನವೂ ಕಿಟಕಿಯಲ್ಲಿ ಹೇಳುತ್ತಿದ್ದ ಮಾತು ಸೊಸೆಯ ಬಾಯಿಂದ ಬಂದಿತ್ತು.

"ನನಗೂ ಹಾಗೇ ಹೇಳಿದ್ರು" ಎಂದರು. "ಇವನು ಹುಟ್ಟೋಕೆ ಮುಂಚೆ ಒಬ್ಬ ಇದ್ದ. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಮಗೂನ ತಿಂದ್ಕೊಂಡೆ ಅಂತ ನಮ್ಮತ್ತೆ ಬೀದಿಗೆಲ್ಲ ಸಾರಿದ್ರು. ಮುಖ ನೋಡೋಕೂ ಬಿಡ್ಲಿಲ್ಲ. ಇವತ್ತಿಗೂ ಪೆಟ್ಟಿಗೆ ಎತ್ತಿದಾಗ ಒಂದು ಗಳಿಗೆ ಅದೇ ಮಾತು ಕಿವಿಗೆ ಬೀಳತ್ತೆ ನಂಗೆ."

ಬಾಗಿಲಲ್ಲಿ ನಿಂತಿದ್ದ ಮಗ ಬಾಯಿ ಬಿಟ್ಟು ನೋಡಿದ. ತನಗೊಬ್ಬ ಅಣ್ಣನಿದ್ದನೆಂದು ಅವನಿಗೆ ಗೊತ್ತಾದದ್ದೇ ಆಗ.

ಸೊಸೆ ಕಣ್ಣೊರೆಸಿಕೊಂಡು ತಟ್ಟನೆ ಅಂದಳು. "ಥೂ, ಏನ್ ಮಾತು ಅತ್ತೆ! ಪೆಟ್ಟಿಗೆ ಎತ್ತಿದ್ರೆ ಎಲ್ಲಾದ್ರೂ ಹೊಟ್ಟೆಯಲ್ಲಿರೋ ಮಗು ಸಾಯತ್ತಾ? ಅದನ್ನ ನೀವು ನಂಬಿದ್ರಾ?"

ಅತ್ತೆ ಅವಳ ಮುಖವನ್ನೇ ನೋಡಿದರು. "ಹಾಗಾದ್ರೆ," ಎಂದರು ನಿಧಾನವಾಗಿ, "ಬಗ್ಗಿ ನಾಲ್ಕು ಬೀಜ ಊರಿದ್ರೂ ಸಾಯಲ್ಲ."

ಸೊಸೆ ಅವರ ಭುಜಕ್ಕೆ ಹಣೆ ಒತ್ತಿಕೊಂಡಳು. ಆಸ್ಪತ್ರೆಯಲ್ಲೂ ಅವಳು ಹೀಗೆ ಅತ್ತಿರಲಿಲ್ಲ. ಮಣ್ಣಾದ ಕೈಯಿಂದಲೇ ಅತ್ತೆ ಅವಳ ಬೆನ್ನು ಸವರಿದರು. ಅಳುವಿನ ನಡುವೆಯೇ ಅವಳು ಕೇಳಿಬಿಟ್ಟಳು.

"ಗುಂಡಮ್ಮ ಹೇಗಿದ್ಲು ಅತ್ತೆ?"

"ತಲೆ ತುಂಬಾ ಕೂದಲು. ಮೂಗು ನಿಂದೇ, ಅಚ್ಚು ಹೊಡೆದ ಹಾಗೆ. ಎಡಗಡೆ ಕಿವಿ ಒಂಚೂರು ಮಡಚಿಕೊಂಡಿತ್ತು. ನಾನು ಬೆರಳಲ್ಲಿ ನೇವರಿಸಿ ಬಿಡಿಸ್ದೆ. ಮತ್ತೆ ಮಡಚ್ಕೊಳ್ತು. ಮತ್ತೆ ಬಿಡಿಸ್ದೆ. ನಿನಗೆ ತೋರಿಸ್ಬೇಕಾಗಿತ್ತು ಕಣೇ. ತಪ್ಪು ಮಾಡ್ದೆ."

ಗುದ್ದಲಿ ಕೆಳಗೆ ಬಿದ್ದ ಸದ್ದಾಯಿತು. ಗಂಡ ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಆ ಸಂಜೆ ಬಿಸಿಲು ಇಳಿದ ಮೇಲೆ ಮೂವರೂ ಹಿತ್ತಲಲ್ಲಿದ್ದರು. ಅತ್ತೆ ಪಾತಿಗೆ ನೀರು ಬಿಟ್ಟು ಮಣ್ಣು ಮೆತ್ತಗಾಗಿಸಿ, ಹೆಚ್ಚಿನ ಸಸಿಗಳನ್ನು ಬೇರು ಹರಿಯದಂತೆ ಒಂದೊಂದಾಗಿ ಎಬ್ಬಿಸಿಕೊಟ್ಟರು. ಗಂಡ ಬೇಲಿಯುದ್ದಕ್ಕೂ ಅಗೆದ. ಸೊಸೆ ನೆಟ್ಟಳು. ಬೆಳಿಗ್ಗೆ ಕಿತ್ತೆಸೆದಿದ್ದ ಎರಡನ್ನೂ ಹುಡುಕಿ ತಂದು ನೆಟ್ಟಳು. ಬಟ್ಟೆಗೆ ನೀರು ಚಿಮುಕಿಸುವ ತೂತು ಮುಚ್ಚಳದ ಬಾಟಲಿಯನ್ನು ಅತ್ತೆ ಅವಳ ಕೈಗಿತ್ತು, "ಹದವಾಗಿ ಚಿಮುಕಿಸು" ಎಂದರು. "ಎಲ್ಲಾ ಉಳಿಯಲ್ಲ, ಈಗ್ಲೇ ಹೇಳಿರ್ತೀನಿ."

ಎಲ್ಲ ಉಳಿಯಲಿಲ್ಲ. ಕಿತ್ತೆಸೆದಿದ್ದ ಎರಡೂ ಬಾಡಿಹೋದವು. ಆದರೆ ಬೇಲಿಯುದ್ದಕ್ಕೂ ಬಹಳಷ್ಟು ಸಸಿಗಳು ಬೇರೂರಿ ಎಲೆ ಬಿಚ್ಚಿದವು. ಸೊಸೆ ದಿನಾ ಬೆಳಿಗ್ಗೆ ಬಾಟಲಿ ಹಿಡಿದು ಅವುಗಳ ನಡುವೆ ಕೂರುತ್ತಿದ್ದಳು. ಅಳು ಬಂದ ದಿನ ಅಳುತ್ತಿದ್ದಳು. ಯಾರೂ ಬಿಡು ಎನ್ನುತ್ತಿರಲಿಲ್ಲ.

ಗೆಡ್ಡೆಗಳು ಮಣ್ಣಿನ ಮೇಲೆ ಕೆಂಪು ಭುಜ ತೋರಿಸತೊಡಗಿದ ಹೊತ್ತಿಗೆ, ಒಂದು ಬೆಳಿಗ್ಗೆ ರೇಡಿಯೊ ಆಂಟಿ ಬಟ್ಟೆಯ ಗಂಟನ್ನು ಕಿಟಕಿಯಲ್ಲಿಟ್ಟಳು.

"ನಿಮ್ಮ ಸೊಸೆ ಮತ್ತೆ ಹಿತ್ತಲಲ್ಲಿ ಮಣ್ಣು ಕೆದಕ್ತಾ ಕೂತಿರ್ತಾಳಂತೆ? ಅಷ್ಟೆಲ್ಲ ಆದ್ಮೇಲೂ ಬುದ್ಧಿ ಬರ್ಲಿಲ್ವಾ?"

ಬಾಟಲಿಗೆ ನೀರು ತುಂಬಿಸಿಕೊಳ್ಳಲು ಒಳಗೆ ಬಂದಿದ್ದ ಸೊಸೆ ಬಾಗಿಲಲ್ಲೇ ನಿಂತಳು. ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟರು.

"ಅವಳೇನೂ ಮಾಡ್ಲಿಲ್ಲ. ಅವತ್ತು ನಿಮ್ಮ ಹತ್ರ ಅಂದಿದ್ದು ಸುಳ್ಳು, ನನ್ನ ಬಾಯಿಗೆ ಬೆಂಕಿ ಹಾಕ. ನಾನೂ ಏನೂ ಮಾಡಿರ್ಲಿಲ್ಲ."

"ನೀವಾ? ನಿಮಗೇನಾಗಿತ್ತು?"

"ನನಗಿಬ್ರು ಗಂಡುಮಕ್ಕಳು. ದೊಡ್ಡವನು ಉಳೀಲಿಲ್ಲ. ಒಬ್ಬಳು ಮೊಮ್ಮಗಳು, ಗುಂಡಮ್ಮ ಅಂತ. ಅವಳೂ ಉಳೀಲಿಲ್ಲ. ತಲೆ ತುಂಬಾ ಕೂದಲಿತ್ತು ಅವಳಿಗೆ. ಇದನ್ನೂ ಬೀದಿಗೆಲ್ಲ ಹೇಳಿ."

ರೇಡಿಯೊ ಆಂಟಿ ಬಟ್ಟೆಯ ಗಂಟನ್ನು ಬಿಟ್ಟು ಮನೆಯ ಕಡೆ ನಡೆದಳು. ಅತ್ತೆ ಪೆಟ್ಟಿಗೆಯನ್ನು ಎತ್ತಿಕೊಂಡು ಮುಂದಿನ ಅಂಗಿಯ ಕಾಲರಿಗೆ ಇಟ್ಟರು.